ಲಿಖಿತವಾಗಿ ಏನೂ ಬಂದಿಲ್ಲ

ಪರ್ಕಳ
18 ಏಪ್ರಿಲ್ 2004

ಪ್ರಿಯ ಕುಶಲಾ,

"ನೀವು ಬರೆದದ್ದನ್ನು ಮಾತ್ರ ಕೇಳಿಸಿಕೊಳ್ಳುವವರು" ಎಂದು ಶುರುಮಾಡಿದ್ದೆಯಲ್ಲ, ಅದರ ಮುಂದೆ ಇನ್ನೂ ಏನೋ ಇತ್ತು. ಕಂಡಕ್ಟರ್ ಶಿಳ್ಳೆ ಊದಿದ, ಕಾರ್ಕಳದ ಬಸ್ಸು ಹೊರಟಿತು. ಕಿಟಕಿಯಲ್ಲಿ ನಿನ್ನ ತುಟಿ ಅಲ್ಲಾಡುತ್ತಿದ್ದುದು ಕಂಡಿತು, ಮಾತು ಕೇಳಿಸಲಿಲ್ಲ. ನಾನು ಪೇಟೆಯಲ್ಲಿ ನಿಂತು ತಲೆಯಾಡಿಸಿದೆ. ಕೇಳಿಸದ ಮಾತಿಗೆ ಯಾಕೆ ತಲೆಯಾಡಿಸಿದೆನೋ ತಿಳಿಯದು. ಬಹುಶಃ ಬಸ್ಸಿನಲ್ಲಿದ್ದವರು ನೋಡುತ್ತಿದ್ದರು.

ಆರು ವಾರ ಕಳೆದು ಬರೆಯುತ್ತಿದ್ದೇನೆ. ತಡವಾದದ್ದಕ್ಕೆ ಪ್ರೆಸ್ಸಿನ ಕೆಲಸವನ್ನು ನೆಪ ಮಾಡಬಹುದು. ಚುನಾವಣೆ ಬಂದಿದೆ, ಮಣಿಪಾಲದಲ್ಲಿ ನನ್ನ ಮೇಜಿನ ತುಂಬ ಕರಪತ್ರಗಳ ಪ್ರೂಫು. ಎಲ್ಲ ಪಕ್ಷದವರೂ ಒಂದೇ ಕಾಗುಣಿತದ ತಪ್ಪು ಮಾಡುತ್ತಾರೆ. ಆದರೆ ತಡಕ್ಕೆ ಕಾರಣ ಅದಲ್ಲ. ಮೂರು ಸಲ ಬರೆದು ಹರಿದೆ. ನಾವು ಮಾತಾಡುವುದು, ಜಗಳವಾಡುವುದು ಎಲ್ಲ ತುಳುವಿನಲ್ಲಿ. ಕನ್ನಡದಲ್ಲಿ ಬರೆಯಲು ಕೂತರೆ ನನ್ನ ವಾಕ್ಯಗಳು ಸಭೆಯ ನಡಾವಳಿಯ ಹಾಗೆ ಆಗಿಬಿಡುತ್ತವೆ. ಇದೂ ಹಾಗೆಯೇ ಆದರೆ ಕ್ಷಮಿಸು.

ನಾನು ಕ್ಷೇಮ. ಗಂಜಿ, ಉಪ್ಪಿನಕಾಯಿಯಲ್ಲಿ ನಡೆಯುತ್ತಿದೆ. ನಿನ್ನ ಮಲ್ಲಿಗೆ ಗಿಡಕ್ಕೆ ನೀರು ತಪ್ಪಿಸಿಲ್ಲ, ಹೂ ಕೊಯ್ಯಲು ಮಾತ್ರ ನನಗೆ ಬರುವುದಿಲ್ಲ. ಮೊಗ್ಗು ಯಾವಾಗ ಕೊಯ್ಯಬೇಕೆಂದು ತಿಳಿಯುವ ಹೊತ್ತಿಗೆ ಅದು ಅರಳಿ ಕೆಂಪಾಗಿರುತ್ತದೆ.

ಈ ಕಾಗದ ಬರೆಯಲು ಹೇಳಿದವರು ಸಮಿತಿಯ ಅಧ್ಯಕ್ಷೆ ನಳಿನಾಕ್ಷಿ. ಮೊನ್ನೆ ಮನೆಯವರೆಗೆ ಬಂದಿದ್ದರು. ಒಳಗೆ ಬರಲಿಲ್ಲ, ಮೆಟ್ಟಿಲ ಬಳಿಯೇ ನಿಂತು, "ಟೀಚರಿಗೆ ನೀವೇ ಬರೀಬೇಕು. ನಾನು ಫೋನ್ ಮಾಡಿದ್ರೆ ಅವರು ಗುಣವತಿ ಅಕ್ಕನ ಕೈಗೆ ಕೊಡ್ತಾರೆ" ಎಂದರು. ಹಾಗಾಗಿ ಸುದ್ದಿಯನ್ನು ಮೊದಲು ಹೇಳಿಬಿಡುತ್ತೇನೆ. ಏಪ್ರಿಲ್ ಮೂರರ ಸಭೆಯಲ್ಲಿ, ಜೂನಿನಿಂದ ಬಾಲವಾಡಿಯನ್ನು ಮತ್ತೆ ಸಂಜೆ ಐದೂವರೆಯವರೆಗೆ ನಡೆಸುವುದೆಂದು ತೀರ್ಮಾನವಾಯಿತು. ಸೂಚನೆ ತಂದವರು ನಳಿನಾಕ್ಷಿಯೇ. ಎಲ್ಲರ ಕೈಯೂ ಮೇಲೆ ಹೋಯಿತು. ಒಂದು ನಿಮಿಷ ಹಿಡಿಯಲಿಲ್ಲ. ಬಾಲವಾಡಿಯಲ್ಲಿ ಮಧ್ಯಾಹ್ನ ನಡೆಸುತ್ತಿದ್ದ ಟೈಲರಿಂಗ್ ಕ್ಲಾಸನ್ನು ಅವರು ತಮ್ಮ ಮನೆಯ ಮಹಡಿಗೆ ಸಾಗಿಸಿದ್ದಾರೆ. ಮಹಡಿ ಡಿಸೆಂಬರಿನಲ್ಲೂ ಖಾಲಿಯೇ ಇತ್ತು ಎಂದು ಯಾರೂ ಹೇಳಲಿಲ್ಲ. ಅವರ ಮುಖ ನೋಡಿದರೆ ಹೇಳುವ ಹಾಗೂ ಇರಲಿಲ್ಲ.

ನಿಯಮಾವಳಿಯನ್ನು ತಿದ್ದಿ ಬರೆಯುವ ಕೆಲಸವನ್ನು ಮತ್ತೆ ನನಗೇ ವಹಿಸಿದ್ದಾರೆ. ಹಳೆಯ ಪ್ರತಿಯನ್ನು ಮುಂದಿಟ್ಟುಕೊಂಡು ಕೂತಿದ್ದೇನೆ. ನಿನಗೆ ಗೊತ್ತಿರುವುದನ್ನೇ ಈಗ ಕ್ರಮವಾಗಿ ಬರೆಯುತ್ತೇನೆ, ಬೇಸರಿಸಬೇಡ. ಮೊದಲಿನಿಂದ ಸಾಲು ಹಿಡಿದು ಬಂದರೆ ತಪ್ಪು ಎಲ್ಲಿದೆ ಎಂದು ಕಾಣುತ್ತದೆ. ಇದು ನನಗೆ ಹೊಟ್ಟೆಪಾಡು ಕಲಿಸಿದ ಅಭ್ಯಾಸ.

ಕಳೆದ ವರ್ಷ ಕಾಪುವಿನಿಂದ ಟ್ರಸ್ಟಿನವರು ಬಂದು, ಇನ್ನು ಮುಂದೆ ಬಾಲವಾಡಿಯನ್ನು ಮಕ್ಕಳ ಹೆತ್ತವರೇ ನಡೆಸಬೇಕು, ಅದಕ್ಕೊಂದು ಸಮಿತಿ ಬೇಕು, ಸಮಿತಿಗೆ ಬರೆದ ನಿಯಮ ಬೇಕು ಎಂದರು. ಟೀಚರ್ ನೀನು, ಪ್ರೂಫ್ ತಿದ್ದುವವನು ನಿನ್ನ ಗಂಡ. ಕಾರ್ಯದರ್ಶಿಯ ಪಟ್ಟ ತಾನಾಗಿ ನನ್ನ ಮೇಲೆ ಬಿತ್ತು. ಬಾಲವಾಡಿಯಲ್ಲಿ ನಮ್ಮ ಮಗು ಇಲ್ಲದ್ದರಿಂದ ನಮ್ಮಿಬ್ಬರಿಗೂ ಮತವಿಲ್ಲ ಎಂದು ನಾನೇ ಬರೆದೆ. ಅದನ್ನು ನಿನಗೆ ಓದಿ ಹೇಳಿದಾಗ ನೀನು ಅಕ್ಕಿ ಆರಿಸುತ್ತಿದ್ದೆ. "ಸರಿಯೇ ಉಂಟಲ್ಲ" ಎಂದೆ. ನಾವು ಆ ವಿಷಯ ಮಾತಾಡಿ ಹತ್ತು ವರ್ಷ ಆಗಿತ್ತು. ನಿಯಮದ ಮೂಲಕ ಒಮ್ಮೆ ಮಾತಾಡಿದ ಹಾಗಾಯಿತು.

ಮಾದರಿಗೆ ನನ್ನ ಬಳಿ ಇದ್ದದ್ದು ನಮ್ಮ ಪ್ರೆಸ್ಸಿನಲ್ಲಿ ಅಚ್ಚಾದ ಒಂದು ಹಾಲು ಉತ್ಪಾದಕರ ಸಂಘದ ಉಪವಿಧಿ. ಅದರ ಎಲುಬನ್ನು ಹಾಗೆಯೇ ಇಟ್ಟುಕೊಂಡೆ. ಜೂನ್ ಸಭೆಯಲ್ಲಿ ಹದಿನಾಲ್ಕು ನಿಯಮಗಳನ್ನೂ ಓದಿ ಮುಗಿಸಿದಾಗ ರಿಕ್ಷಾದ ಸ್ಟ್ಯಾನಿಸ್ಲಾಸ್, "ಕಾರ್ಯದರ್ಶಿಗಳೇ, ಇದು ಬಾಲವಾಡಿಯಾ, ಡೈರಿಯಾ? ಮಗುವಿನ ಫ್ಯಾಟ್ ಎಷ್ಟು ಅಂತ ಬರೀಲಿಕ್ಕೆ ಕಾಲಂ ಇಲ್ವಾ ಮಾರಾಯ್ರೆ?" ಎಂದು ಎಲ್ಲರನ್ನೂ ನಗಿಸಿದ. ನಾನೂ ನಕ್ಕೆ.

ಆವತ್ತೇ ಏಳು ಮಂದಿಯನ್ನು ಆರಿಸಿದ್ದು. ಹಿಂದಿನ ಗೋಡೆಗೆ ಒರಗಿ ರೇಣುಕವ್ವ ಕೂತಿದ್ದಳು, ಮಡಿಲಲ್ಲಿ ಶಿಲ್ಪಾ. ಬಾಗಲಕೋಟೆ ಕಡೆಯಿಂದ ಮಣಿಪಾಲದ ಹಾಸ್ಟೆಲ್ ಕಟ್ಟಡಗಳ ಕೆಲಸಕ್ಕೆ ಬಂದವರು, ಗದ್ದೆಯಾಚೆಯ ಶೆಡ್ಡುಗಳಲ್ಲಿ ಇದ್ದವರು, ಅವರ ಹನ್ನೆರಡು ಮಕ್ಕಳು ನಿನ್ನ ಬಾಲವಾಡಿಯಲ್ಲಿ ಬೆಳಿಗ್ಗೆಯಿಂದ ಸಂಜೆಯವರೆಗೆ ಇರುತ್ತಿದ್ದರು. ಅವರ ಕಡೆಯಿಂದ ಯಾರಾದರೂ ಬೇಕೆಂದು ನೀನು ಅವಳ ಹೆಸರು ಹೇಳಿದೆ. ಅವಳು ಎದ್ದುನಿಂತು, "ನಂಗ ಓದಾಕ ಬರಂಗಿಲ್ರಿ. ಓದಾಕ ಬರದವ್ರು ಇರಬಹುದೇನ್ರಿ ಇದರಾಗ?" ಎಂದು ನನ್ನನ್ನು ಕೇಳಿದಳು. ಅದಕ್ಕೆ ಅಡ್ಡಿಯಿರುವ ನಿಯಮ ಇಲ್ಲ ಎಂದೆ. ಕೈ ಎತ್ತುವಾಗ ಶಿಲ್ಪಾಳೂ ಕೈ ಎತ್ತಿದಳು. ಸ್ಟ್ಯಾನಿಸ್ಲಾಸ್, "ಇದೊಂದು ಕಳ್ಳ ಮತ ಉಂಟು ನೋಡಿ" ಎಂದ. ನಾಲ್ಕು ವರ್ಷದ ಹುಡುಗಿ ಕೈ ಇಳಿಸಲೇ ಇಲ್ಲ. ಮಂಗಳಾರತಿ ಮುಗಿದ ಮೇಲೂ ಚಪ್ಪಾಳೆ ತಟ್ಟುವ ಮಕ್ಕಳ ಹಾಗೆ, ಸಭೆ ಮುಗಿದು ಚಾ ಕೊಡುವಾಗಲೂ ಅವಳ ಕೈ ಮೇಲೆಯೇ ಇತ್ತು.

ಹಾಜರಿ ಪುಸ್ತಕ ಈಗ ನನ್ನ ಎದುರಿಗಿದೆ. ಜುಲೈ, ಆಗಸ್ಟ್: ಅವಳ ಹೆಬ್ಬೆಟ್ಟು. ಸೆಪ್ಟೆಂಬರಿನಲ್ಲಿ "ರೇಣು" ಎಂಬ ಎರಡು ಅಕ್ಷರ. ನೀನು ಮಧ್ಯಾಹ್ನ ಮಕ್ಕಳು ಮಲಗಿದಾಗ ಅವಳಿಗೆ ಹೆಸರು ಬರೆಯಲು ಕಲಿಸುತ್ತಿದ್ದೀಯೆಂದು ನನಗೆ ಗೊತ್ತಿರಲಿಲ್ಲ. ಅರ್ಧಕ್ಕೆ ನಿಲ್ಲಿಸಿದ್ದಕ್ಕೆ ನಾನು ತಲೆಯೆತ್ತಿ ನೋಡಿದೆ. "ಇಷ್ಟ ಬಂದೈತ್ರಿ. ಉಳಿದದ್ದು ಮುಂದಿನ ಸಭೀಗೆ" ಎಂದಳು. ಆಮೇಲೆ ಅಕ್ಟೋಬರ್, ನವೆಂಬರ್, ಡಿಸೆಂಬರ್ ಮೂರೂ ಖಾಲಿ.

ಸಭೆ ಪ್ರತಿ ತಿಂಗಳ ಮೊದಲ ಶನಿವಾರ ಮೂರು ಗಂಟೆಗೆ ಎಂದು ಬರೆದವನೂ ನಾನೇ. ಮಳೆ ನಿಂತ ಮೇಲೆ ಕಟ್ಟಡಗಳಲ್ಲಿ ಸ್ಲ್ಯಾಬು ಹಾಕುವುದು ಶನಿವಾರಗಳಲ್ಲಿ, ಒಮ್ಮೆ ಕಾಂಕ್ರೀಟು ಕಲಸಲು ಶುರುಮಾಡಿದರೆ ಮುಗಿಯುವ ತನಕ ಯಾರೂ ಸಾಲು ಬಿಟ್ಟು ಹೋಗುವಂತಿಲ್ಲ ಎಂದು ನನಗೆ ಗೊತ್ತಿರಲಿಲ್ಲ. ಅಥವಾ ದಿನಾ ಬಸ್ಸಿನಿಂದ ನೋಡುತ್ತಿದ್ದೆ, ಗೊತ್ತು ಮಾಡಿಕೊಂಡಿರಲಿಲ್ಲ.

ಬಾಲವಾಡಿಯನ್ನು ಹನ್ನೆರಡೂವರೆಗೆ ಮುಚ್ಚಬೇಕೆಂದು ನಳಿನಾಕ್ಷಿ ಆಗಸ್ಟಿನಿಂದಲೇ ಹೇಳುತ್ತಿದ್ದರು. ಅವರ ಕಾರಣಗಳು ಸುಳ್ಳಾಗಿರಲಿಲ್ಲ. ಆಯಾ ರೋಸಿಬಾಯಿಗೆ ಮಂಡಿನೋವು, ಹೊಸ ಆಯಾ ಸಿಗುತ್ತಿಲ್ಲ. ಊರಿನ ಮಕ್ಕಳೆಲ್ಲ ಹೇಗೂ ಮಧ್ಯಾಹ್ನವೇ ಮನೆಗೆ ಹೋಗುತ್ತವೆ. ಹಾಲ್ ಸಿಕ್ಕಿದರೆ ಹುಡುಗಿಯರಿಗೆ ಟೈಲರಿಂಗ್ ಕಲಿಸಬಹುದು. "ಸಂಜೆವರೆಗೆ ಬೇರೆಯವರ ಮಕ್ಕಳನ್ನು ಇಟ್ಟುಕೊಂಡು ಎಂತಾದರೂ ಆದ್ರೆ ಜವಾಬ್ದಾರಿ ಯಾರದ್ದು?" ಎಂದು ಕೇಳುತ್ತಿದ್ದರು. ಆ ಪ್ರಶ್ನೆ ನಡಾವಳಿಯಲ್ಲಿ ನನ್ನ ಅಕ್ಷರದಲ್ಲೇ ಇದೆ. ಅವರೂ ಸೇರಿ ಆ ಕಡೆ ಮೂವರು. ಸಂಜೆಯವರೆಗೆ ಇರಲಿ ಎನ್ನುವವರು ಸ್ಟ್ಯಾನಿಸ್ಲಾಸ್, ಶೆಡ್ಡಿನ ಬಳಿಯ ಇನ್ನಿಬ್ಬರು, ಮತ್ತು ರೇಣುಕವ್ವ. ನಾಲ್ಕು.

ಡಿಸೆಂಬರ್ ಆರರಂದು ನಾನು ಹಾಜರಿ ಕರೆದು, ಏಳನೆಯ ನಿಯಮ ಓದಿದೆ. "ಸತತ ಮೂರು ಸಭೆಗಳಿಗೆ, ಕಾರ್ಯದರ್ಶಿಗೆ ಲಿಖಿತವಾಗಿ ಕಾರಣ ತಿಳಿಸದೆ ಗೈರುಹಾಜರಾದ ಸದಸ್ಯರ ಸದಸ್ಯತ್ವವು ತಾನಾಗಿಯೇ ರದ್ದಾಗತಕ್ಕದ್ದು." ನಳಿನಾಕ್ಷಿ ಅಧ್ಯಕ್ಷರಾಗಿ ಕೇಳಬೇಕಾದದ್ದನ್ನು ಕೇಳಿದರು: "ರೇಣುಕವ್ವನಿಂದ ಲಿಖಿತವಾಗಿ ಎಂತಾದರೂ ಬಂದಿದೆಯಾ?" ಲಿಖಿತವಾಗಿ ಏನೂ ಬಂದಿಲ್ಲ ಎಂದೆ. ಮಧ್ಯಾಹ್ನವೇ ಮುಚ್ಚುವ ಸೂಚನೆಗೆ ಕೈ ಎತ್ತಿಸಿದಾಗ ಮೂರಕ್ಕೆ ಮೂರು ಆಯಿತು. ಸಮ ಬಂದಾಗ ಅಧ್ಯಕ್ಷರಿಗೆ ಇನ್ನೊಂದು ಮತ. ಅದು ಹನ್ನೊಂದನೆಯ ನಿಯಮ. ಜನವರಿಯಿಂದ ಬಾಲವಾಡಿಗೆ ಹನ್ನೆರಡೂವರೆಗೆ ಬೀಗ.

ಆಮೇಲಿನ ಒಂದೂವರೆ ತಿಂಗಳನ್ನು ನಾನು ಬೇರೆ ರೀತಿ ಬರೆಯಲಾರೆ. ಮದುವೆಯಾಗಿ ಹತ್ತೊಂಬತ್ತು ವರ್ಷದಲ್ಲಿ ಮೊದಲ ಸಲ ನಾವು ದಿನಾ ಮಧ್ಯಾಹ್ನ ಒಟ್ಟಿಗೆ ಕೂತು ಉಣ್ಣುತ್ತಿದ್ದೆವು. ನಾನು ಒಂದು ಗಂಟೆಯ ಬಸ್ಸಿಗೆ ಬರುತ್ತಿದ್ದೆ. ನೀನು ಹೆಚ್ಚು ಮಾತಾಡುತ್ತಿರಲಿಲ್ಲ. "ಈಗ ಅವು ಎಲ್ಲಿ ಇರ್ತಾವೋ" ಎಂದು ಮಾತ್ರ ಒಮ್ಮೊಮ್ಮೆ ಹೇಳಿ, ಬಡಿಸುತ್ತಿದ್ದೆ. ನಾನು ಅದನ್ನು ನಿನ್ನ ಅಭ್ಯಾಸ ಎಂದುಕೊಂಡೆ, ಸ್ವಲ್ಪ ದಿನದಲ್ಲಿ ಹೋಗುತ್ತದೆ ಎಂದುಕೊಂಡೆ.

ಫೆಬ್ರವರಿ ಹದಿನೆಂಟು, ಬುಧವಾರ. ನೀನು ಬಂಗುಡೆ ಮೀನಿನ ಸಾರು ಮಾಡಿದ್ದೆ. ರೋಸಿಬಾಯಿ ಆ ಮಂಡಿ ಎಳೆದುಕೊಂಡು ಓಡಿ ಬಂದರು. ಗದ್ದೆಯಾಚೆ ಏಳುತ್ತಿದ್ದ ಕಟ್ಟಡದ ಪಕ್ಕದ ನೀರಿನ ತೊಟ್ಟಿಯಲ್ಲಿ, ಗೋಡೆಗೆ ಹೊಡೆಯಲು ತುಂಬಿಸಿಟ್ಟ ನೀರಿನಲ್ಲಿ, ಶಿಲ್ಪಾ. ನೀನು ಕೈತೊಳೆಯದೆ ಓಡಿದೆ. ನಾನು ಕೈತೊಳೆದುಕೊಂಡು ಬಂದೆ. ಆ ಎರಡು ನಿಮಿಷದಿಂದ ಏನೂ ಬದಲಾಗುತ್ತಿರಲಿಲ್ಲ ಎಂದು ಡಾಕ್ಟರು ಹೇಳಿದರು, ನಾನೇ ಕೇಳಿದ್ದೆ. ಹಿಂದಿನ ಚಳಿಗಾಲದಲ್ಲಿ ಆ ಹೊತ್ತಿಗೆ ಅವಳು ಬಾಲವಾಡಿಯ ಚಾಪೆಯಲ್ಲಿ, ನಿನ್ನ ಹಳೆಯ ಸೀರೆ ಹೊದ್ದು ಮಲಗಿರುತ್ತಿದ್ದಳು.

ಮಾರ್ಚ್ ಆರರ ಸಭೆಗೆ ರೇಣುಕವ್ವ ಬರುವಳೆಂದು ಯಾರೂ ನೆನೆಸಿರಲಿಲ್ಲ. ಎಲ್ಲರಿಗಿಂತ ಮೊದಲೇ ಬಂದು ಕೂತಿದ್ದಳು. ಹಾಜರಿ ಪುಸ್ತಕ ಅವಳ ಕೈಗೆ ಹೇಗೆ ಹೋಯಿತೋ, ಬಾಗಿ ಬಹಳ ಹೊತ್ತು ಬರೆದಳು. ಆಮೇಲೆ ಸೆರಗಿನ ಗಂಟಿನಿಂದ ಒಂದು ಮಡಿಸಿದ ಹಾಳೆ ತೆಗೆದು ನನ್ನ ಮುಂದಿಟ್ಟಳು. ಮೇಸ್ತ್ರಿ ಸಿದ್ದಣ್ಣನಿಂದ ಬರೆಸಿದ್ದು. ಅಕ್ಟೋಬರ್ ನಾಲ್ಕು, ಸ್ಲ್ಯಾಬು. ನವೆಂಬರ್ ಒಂದು, ಸ್ಲ್ಯಾಬು. ಡಿಸೆಂಬರ್ ಆರು, ಸ್ಲ್ಯಾಬು. ಕ್ಷಮಿಸಬೇಕು.

"ಮೂರಕ್ಕೂ ಬರಸೀನ್ರಿ" ಎಂದಳು. "ಈಗ ನನ್ನ ಕೈ ಲೆಕ್ಕಕ್ಕ ಹಿಡೀತೈತಲ್ರಿ? ಸಂಜೀತನಕ ಇಡ್ರಿ. ಇನ್ನೂ ಹನ್ನೊಂದ ಹುಡುಗ್ರು ಅದಾವ್ರಿ ಅಲ್ಲಿ."

ನಳಿನಾಕ್ಷಿ ಸೆರಗಿನಿಂದ ಬಾಯಿ ಮುಚ್ಚಿಕೊಂಡಿದ್ದರು. ಕೊನೆಗೆ ನನ್ನ ಕಡೆ ತಿರುಗಿ ಮೆಲ್ಲಗೆ, "ನಿಯಮ ಎಂತ ಹೇಳ್ತದೆ?" ಎಂದರು. ಅವರು ಕೇಳಿದ್ದು ದಾರಿ ಹುಡುಕಲಿಕ್ಕೆ ಎಂದು ನನಗೆ ಈಗ ಅನಿಸುತ್ತದೆ. ನಾನು ಮೂರನೆಯ ನಿಯಮ ಓದಿದೆ. "ಮಗುವಿನ ಹೆಸರು ದಾಖಲಾತಿಯಲ್ಲಿ ಇಲ್ಲದಾದ ದಿನದಿಂದ ಹೆತ್ತವರು ಸಮಿತಿಯ ಸದಸ್ಯರಾಗಿರತಕ್ಕದ್ದಲ್ಲ."

"ನಿಮ್ಮ ನಿಯಮ ಅಲ್ಲಿರಲಿ ಮಾರಾಯ್ರೆ" ಎಂದ ಸ್ಟ್ಯಾನಿಸ್ಲಾಸ್. "ಎದುರಿಗೆ ಕೂತವರನ್ನು ಸ್ವಲ್ಪ ನೋಡಿ."

ಆಗ ನೀನು ಬಾಗಿಲ ಹತ್ತಿರದಿಂದ ಹೇಳಿದೆ: "ದಾಖಲಾತಿಯಲ್ಲಿ ಹೆಸರು ಉಂಟು. ನಾನು ತೆಗೆದಿಲ್ಲ." ಎಷ್ಟು ಸಲೀಸಾದ ಮಾತು ಕುಶಲಾ. ನನ್ನ ನಿಯಮದೊಳಗೇ ಒಂದು ಕಿಂಡಿ ಹುಡುಕಿ, ನನ್ನ ಕೈಗೆ ಕೊಟ್ಟಿದ್ದೆ. ನಾನು, "ತೆಗೆಯಬೇಕಿತ್ತು" ಎಂದೆ.

ಹಾಜರಿ ಪುಸ್ತಕವನ್ನು ಎಳೆದುಕೊಂಡಾಗ ಕಂಡದ್ದು ಅವಳ ಪೂರ್ತಿ ಹೆಸರು. ರೇಣುಕವ್ವ. ಕೊನೆಯ ಒತ್ತಕ್ಷರವೂ ಸರಿಯಿತ್ತು. ನಾನು ಅದರ ಮೇಲೆ ಗೆರೆ ಎಳೆದು, ಅಂಚಿನಲ್ಲಿ ತೆಗೆದುಹಾಕುವ ಗುರುತು ಹಾಕಿದೆ, ಪ್ರೂಫಿನಲ್ಲಿ ದಿನಕ್ಕೆ ನೂರು ಸಲ ಹಾಕುವ ಅದೇ ಸುರುಳಿ. ಹಾಕಿದ ಮೇಲೆಯೇ ನನ್ನ ಕೈ ಏನು ಮಾಡಿತು ಎಂದು ತಿಳಿದದ್ದು. ತಲೆಯೆತ್ತಿದಾಗ ನೀನು ನನ್ನ ಮುಖ ನೋಡುತ್ತಿರಲಿಲ್ಲ, ಕೈ ನೋಡುತ್ತಿದ್ದೆ. ಮರುದಿನ ಬೆಳಿಗ್ಗೆ ಬಸ್ಸು.

ಹೊಸ ನಿಯಮಾವಳಿಯಲ್ಲಿ ಸಭೆ ಭಾನುವಾರ. ಕಾರಣವನ್ನು ಬಾಯಲ್ಲಿ ಹೇಳಿದರೂ ಸಾಕು, ಯಾರ ಮೂಲಕ ಹೇಳಿ ಕಳಿಸಿದರೂ ಸಾಕು. ಹದಿಮೂರು ನಿಯಮ ಬರೆದು ಮುಗಿಸಿದೆ. ಎರಡನೆಯದು ಮಾತ್ರ ಖಾಲಿ ಇದೆ. ಅದರಲ್ಲಿ "ಹೆತ್ತವರು ಎಂದರೆ" ಎಂದು ಬರೆದು, ಮುಂದೆ ಯಾರು ಎಂದು ಹೇಳಬೇಕು. ಕಳೆದ ಸಲ ಅದು ನನಗೆ ಎಲ್ಲಕ್ಕಿಂತ ಸುಲಭದ ವಾಕ್ಯವಾಗಿತ್ತು.

ರೇಣುಕವ್ವ ಊರಿಗೆ ಹೋದಳಂತೆ. ಸಿದ್ದಣ್ಣನನ್ನು ಕೇಳಿದೆ. "ಬರ್ತಾಳ್ರಿ ಅಂತ ಹೆಂಗ ಹೇಳ್ಲಿ. ಆಕಿ ಈಗ ನೀರು ಕಂಡ್ರ ಮಾತು ಬಿಡ್ತಾಳ್ರಿ" ಎಂದ. ತೊಟ್ಟಿಗೆ ಈಗ ಮುಚ್ಚಳ ಹಾಕಿದ್ದಾರೆ.

ಜೂನಿಗೆ ನೀನು ಬರಬೇಕೆಂದು ಸಮಿತಿಯ ಕೋರಿಕೆ. ನಳಿನಾಕ್ಷಿ ದಾಖಲಾತಿ ಪುಸ್ತಕ ಕೇಳಿದರು. ಕಪಾಟಿನಲ್ಲಿ ಇಲ್ಲ ಎಂದೆ. ನಿನ್ನ ಬಳಿ ಇದ್ದರೆ ಇರಲಿ, ಹೆಸರು ಇದ್ದ ಹಾಗೇ ಇರಲಿ. ಹೊಸ ಪುಸ್ತಕ ಕೊಳ್ಳಬಹುದು.

ಗುಣವತಿ ಅಕ್ಕನಿಗೆ ನಮಸ್ಕಾರ ಹೇಳು. ಅವರ ಮಗಳು ಚೈತಾಲಿಗೆ ನಿಟ್ಟೆಯಲ್ಲಿ ಪರೀಕ್ಷೆಗಳು ಹತ್ತಿರ ಬಂದಿರಬೇಕು, ಚಿಕ್ಕಪ್ಪನ ಆಶೀರ್ವಾದ ತಿಳಿಸು. ನಿನಗೆ ಹಾರೈಸಲು ನನಗೆ ಅಧಿಕಾರ ಉಂಟೋ ಇಲ್ಲವೋ. ರಾತ್ರಿ ನಿದ್ರೆ ಬರಲಿ, ಅಷ್ಟು ಹಾರೈಸುತ್ತೇನೆ.

ನಿನ್ನ,
ಕರುಣಾಕರ

ಮರೆತದ್ದು: ಮರೆತದ್ದಲ್ಲ. ಕ್ರಮವಾಗಿ ಬರೆಯುತ್ತೇನೆ ಎಂದು ಹೇಳಿ ಒಂದು ದಿನವನ್ನು ಬಿಟ್ಟಿದ್ದೇನೆ. ಡಿಸೆಂಬರ್ ನಾಲ್ಕು, ಗುರುವಾರ. ಸಂಜೆ ಬಸ್ಸಿನಿಂದ ಇಳಿದಾಗ ರೇಣುಕವ್ವ ನಿಲ್ದಾಣದಲ್ಲಿ ನನಗಾಗಿಯೇ ಕಾಯುತ್ತಿದ್ದಳು. ಕಾಲಿಗೆಲ್ಲ ಸಿಮೆಂಟು. "ಸರ, ಶನಿವಾರ ಮತ್ತ ಸ್ಲ್ಯಾಬ್ ಐತ್ರಿ, ಬರಾಕ ಆಗೂದಿಲ್ಲ. ಬರಸೋಣಂದ್ರ ಸಿದ್ದಣ್ಣ ಊರಿಗೆ ಹೋಗ್ಯಾನ. ನಂದೂ ಒಂದು ಕೈ ಮ್ಯಾಲ ಐತಿ ಅಂತ ನೀವ ಹೇಳ್ರಿ" ಎಂದಳು. ಶಿಲ್ಪಾ ಅವಳ ಸೊಂಟದ ಮೇಲಿದ್ದಳು. ಮಾತು ಅರ್ಥವಾದವಳ ಹಾಗೆ ಅವಳೂ ಕೈ ಎತ್ತಿದಳು. ನಾನು, "ಆಯ್ತು, ಹೇಳ್ತೇನೆ" ಎಂದೆ.

ಶನಿವಾರ ನಳಿನಾಕ್ಷಿ ಕೇಳಿದಾಗ ಕೊಟ್ಟ ಉತ್ತರದಲ್ಲಿ ಒಂದು ಅಕ್ಷರವೂ ತಪ್ಪಿರಲಿಲ್ಲ. ನಿಯಮಕ್ಕೆ ನಿಷ್ಠನಾಗಿದ್ದೆ ಎಂದು ಆರು ವಾರ ನನಗೆ ನಾನೇ ಹೇಳಿಕೊಂಡೆ. ಅದೂ ಅಲ್ಲ. ಬಾಯಿ ತೆರೆಯುವ ಮೊದಲು ನನ್ನ ತಲೆಯಲ್ಲಿ ಇದ್ದದ್ದು ಒಂದು ಮಧ್ಯಾಹ್ನ, ಎರಡು ಬಟ್ಟಲು, ಎದುರಿಗೆ ನೀನು. ಸಂಜೆ ಆರಕ್ಕೆ ನೀನು ಬೇರೆಯವರ ಮಕ್ಕಳಲ್ಲಿ ಖಾಲಿಯಾಗಿ ಮನೆಗೆ ಬರುತ್ತಿದ್ದೆ. ನನಗೂ ಸ್ವಲ್ಪ ಬೇಕಿತ್ತು.

ಮಾರ್ಚಿನಲ್ಲಿ ನಾನು ನಿಯಮ ಓದುವಾಗ ಅವಳು ನನ್ನನ್ನೇ ನೋಡುತ್ತಿದ್ದಳು. "ನಿಮಗ ಹೇಳಿದ್ನಲ್ರಿ" ಎನ್ನುತ್ತಾಳೆಂದು ಕಾದೆ. ಅನ್ನಲಿ ಎಂದೂ ಕಾದೆ. ಅವಳು ಅನ್ನಲಿಲ್ಲ. ನನ್ನ ಮನೆಯಾಕೆಯ ಎದುರು, ಆರು ಜನರ ಎದುರು, ಅವಳು ನನ್ನನ್ನು ಉಳಿಸಿದಳು. ಅಷ್ಟು ಹೊತ್ತಿಗೆ ನಾನು ಅವಳ ಹೆಸರಿನ ಮೇಲೆ ಗೆರೆ ಎಳೆಯುತ್ತಿದ್ದೆ.

ಸಭೆ ಮುಗಿದ ಮೇಲೆ ನೀನು ಅವಳನ್ನು ಶೆಡ್ಡಿನವರೆಗೆ ಬಿಟ್ಟು ಬರಲು ಹೋದೆ. ಬರುವಾಗ ಕತ್ತಲಾಗಿತ್ತು. ಬಟ್ಟೆ ಮಡಿಸಲು ಶುರುಮಾಡಿದ್ದು ಆಮೇಲೆ. ಬರೆದದ್ದನ್ನು ಮಾತ್ರ ಕೇಳಿಸಿಕೊಳ್ಳುವವರು ಎಂದು ನೀನು ಹೇಳುವಾಗ ಬಸ್ಸು ಹೊರಟಿತ್ತು. ಕುಶಲಾ, ಅವಳು ನಿನಗೆ ಹೇಳಿದ್ದಳೇ?